ಇಪ್ಪತ್ತಂಕಿಯ ಕಾಶಿಯಾತ್ರೆ

18446744073709551615.

ಇದನ್ನು ಒಂದೇ ಉಸಿರಿಗೆ, ಎಲ್ಲೂ ತಡವರಿಸದೆ ಹೇಳಬಲ್ಲೆ ಎನ್ನುವುದು ಬ್ಯಾಂಕಿನ ಕ್ಯಾಶ್ ಕೌಂಟರಿನಿಂದ ನಿವೃತ್ತನಾದ ಮೇಲೆ ನನ್ನ ಹೆಸರಿನಲ್ಲಿ ಉಳಿದಿರುವ ಒಂದೇ ಠೇವಣಿ. ಮದುವೆಮನೆಯ ಪಂಕ್ತಿಯಾಗಲಿ, ಪಾರ್ಕಿನ ಕಲ್ಲುಬೆಂಚಾಗಲಿ, ಹಲ್ಲಿನ ಡಾಕ್ಟರ ಷಾಪಾಗಲಿ, ಮಾತು ಎರಡು ಸುತ್ತು ಬರುವಷ್ಟರಲ್ಲಿ ನಾನು ಎಲ್ಲರನ್ನೂ ಚದುರಂಗದ ಹಲಗೆಯ ಮುಂದೆ ತಂದು ಕೂರಿಸಿರುತ್ತೇನೆ. ಮೊದಲ ಮನೆಗೆ ಒಂದು ಅಕ್ಕಿಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು. ಹೀಗೆ ದುಪ್ಪಟ್ಟು ಮಾಡುತ್ತಾ ಹೋದರೆ ಇಪ್ಪತ್ತೊಂದನೆಯ ಮನೆಯೊಂದಕ್ಕೇ ಇಪ್ಪತ್ತೈದು ಕೆ.ಜಿ.ಯ ಮೂಟೆ ಬಿಚ್ಚಬೇಕಾದೀತು. ಅರವತ್ನಾಲ್ಕೂ ಮನೆ ತುಂಬಿದಾಗ ಕೂಡಿ ಬರುವ ಮೊತ್ತವೇ ಮೇಲಿನ ಇಪ್ಪತ್ತಂಕಿ. ನಮ್ಮ ಬಾಯಿಗೆ ಒಗ್ಗುವ ಹಾಗೆ ಹೇಳಿದರೆ ಒಂದು ಲಕ್ಷದ ಎಂಬತ್ತನಾಲ್ಕು ಸಾವಿರದ ನಾನೂರ ಅರವತ್ತೇಳು ಕೋಟಿ ಕೋಟಿ, ಮೇಲೆ ಚಿಲ್ಲರೆ. ಅಷ್ಟು ಅಕ್ಕಿಯನ್ನು ಇಡೀ ಪ್ರಪಂಚ ಈಗ ಬೆಳೆಯುವ ಹಾಗೆ ಬೆಳೆದು ಕೂಡಿಹಾಕಿದರೂ ಎಂಟುನೂರು ವರ್ಷ ದಾಟುತ್ತದೆ. ವಿದ್ವಾಂಸ ಅಲ್‌ಬೆರೂನಿ ಸಾವಿರ ವರ್ಷದ ಹಿಂದೆಯೇ ಈ ಇಪ್ಪತ್ತೂ ಅಂಕಿಗಳನ್ನು ತಪ್ಪಿಲ್ಲದೆ ಬರೆದಿಟ್ಟಿದ್ದಾನೆ. ನಾನು ಅಲ್‌ಬೆರೂನಿಗೆ ಬರುವಷ್ಟರಲ್ಲಿ ಕೇಳುತ್ತಿದ್ದವರು ಸಾಮಾನ್ಯವಾಗಿ ಕೈ ತೊಳೆಯಲು ಎದ್ದಿರುತ್ತಾರೆ. ನನ್ನಾಕೆ ಮಾತ್ರ, "ರೀ, ಹೋಳಿಗೆ ನಿಮ್ಮನ್ನ ದಾಟಿ ಮೂರು ಎಲೆ ಮುಂದೆ ಹೋಯ್ತು" ಎಂದು ನೆನಪಿಸುತ್ತಾಳೆ.

ಈ ಸಂಖ್ಯೆಗೆ ಕಾಶಿಯಲ್ಲಿ ಸ್ವಂತ ಮನೆಯಿದೆ ಎಂದು ತಿಳಿದದ್ದು ಅವೆನ್ಯೂ ರಸ್ತೆಯಲ್ಲಿ ಸಿಕ್ಕಿದ ಹಳೆಯ ಪುಸ್ತಕದಿಂದ. ರೌಸ್ ಬಾಲ್ ಎಂಬ ಇಂಗ್ಲಿಷ್ ಗಣಿತಜ್ಞ 1892ರಲ್ಲಿ ಮೊದಲು ಪ್ರಕಟಿಸಿದ ಗಣಿತ ವಿನೋದದ ಪುಸ್ತಕ ಅದು. ಅದರಲ್ಲಿ ಹೀಗಿದೆ: ಕಾಶಿಯ ಮಹಾದೇಗುಲದಲ್ಲಿ, ಭೂಮಂಡಲದ ನಟ್ಟನಡುವನ್ನು ಸೂಚಿಸುವ ಗೋಪುರದ ಕೆಳಗೆ ಒಂದು ಹಿತ್ತಾಳೆಯ ಪೀಠ. ಪೀಠದ ಮೇಲೆ ವಜ್ರದ ಮೂರು ಸೂಜಿಗಳು, ಒಂದೊಂದೂ ಮೊಳದುದ್ದ, ಜೇನ್ನೊಣದ ಮೈಯಷ್ಟು ದಪ್ಪ. ಸೃಷ್ಟಿಯ ದಿನ ದೇವರು ಒಂದು ಸೂಜಿಗೆ ಅಪ್ಪಟ ಚಿನ್ನದ ಅರವತ್ನಾಲ್ಕು ಬಿಲ್ಲೆಗಳನ್ನು ಪೋಣಿಸಿದ, ಎಲ್ಲಕ್ಕಿಂತ ದೊಡ್ಡದು ಅಡಿಯಲ್ಲಿ, ಎಲ್ಲಕ್ಕಿಂತ ಚಿಕ್ಕದು ತುದಿಯಲ್ಲಿ. ಅರ್ಚಕರು ಹಗಲಿರುಳೂ ಒಂದೊಂದೇ ಬಿಲ್ಲೆ ತೆಗೆದು ಇನ್ನೊಂದು ಸೂಜಿಗೆ ಹಾಕುತ್ತಿದ್ದಾರೆ. ಚಿಕ್ಕದರ ಮೇಲೆ ದೊಡ್ಡದನ್ನು ಇಡುವಂತಿಲ್ಲ. ಅರವತ್ನಾಲ್ಕೂ ಬೇರೆ ಸೂಜಿಗೆ ಸೇರಿದ ಕ್ಷಣವೇ ಗುಡಿ, ಅರ್ಚಕರು, ಲೋಕ ಎಲ್ಲವೂ ಧೂಳು. ಅದಕ್ಕೆ ಬೇಕಾದ ನಡೆಗಳು ಎಷ್ಟು? ನನ್ನ ಇಪ್ಪತ್ತಂಕಿ.

ಇದು ಕಥೆಯೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು, ಮುಕ್ಕಾಲು ಪಾಲು. ಉಳಿದ ಕಾಲುಪಾಲಿನಲ್ಲಿ, ಚಿನ್ನವಲ್ಲದಿದ್ದರೂ ಹಿತ್ತಾಳೆಯದಾದರೂ ಒಂದು ಪೀಠ ಯಾವುದಾದರೂ ಓಣಿಯ ಗುಡಿಯಲ್ಲಿ ಧೂಳು ತಿನ್ನುತ್ತಾ ಇರಬಹುದು, ಅದನ್ನು ಪತ್ತೆಹಚ್ಚಿದ ಮೊದಲ ನಿವೃತ್ತ ಕ್ಯಾಷಿಯರ್ ನಾನೇ ಆಗಬಹುದು ಎಂಬ ಆಸೆಯಿತ್ತು. ಮಾವನವರ ಶ್ರಾದ್ಧಕರ್ಮಕ್ಕೆಂದು ಹೊರಟ ಯಾತ್ರೆಗೆ ನಾನು ಒಳಗೊಳಗೇ ಬೇರೆ ಸಂಕಲ್ಪ ಮಾಡಿಕೊಂಡೆ. ನನ್ನಾಕೆ, ಅವಳ ತಮ್ಮ, ಅವಳ ಚಿಕ್ಕಮ್ಮ ಮತ್ತು ನಾನು ಹೊರಟೆವು. ಬ್ಯಾಗಿನ ತಳದಲ್ಲಿ ಮೊಮ್ಮಗನ ಮರದ ಆಟಿಕೆಯನ್ನೂ ಅಡಗಿಸಿಕೊಂಡೆ. ಮೂರು ಕಡ್ಡಿ, ಎಂಟು ಬಳೆ.

ರೈಲು ಆಂಧ್ರ ದಾಟುವಷ್ಟರಲ್ಲಿ ಬೋಗಿಗೆಲ್ಲ ಕಥೆ ಹೇಳಿ ಮುಗಿಸಿದ್ದೆ. ಚಿಕ್ಕಮ್ಮ ಮಾತ್ರ ಗಾಬರಿಯಾದರು.

"ಅಳಿಯಂದಿರೇ, ಅದು ಮುಗಿದರೆ ಲೋಕ ಮುಗಿಯುತ್ತೆ ಅಂದ್ರಲ್ಲ. ಈಗ ಎಷ್ಟು ಎತ್ತಿಟ್ಟಿದಾರಂತೆ?"

"ಚಿಕ್ಕಮ್ಮ, ಸೆಕೆಂಡಿಗೊಂದು ಎತ್ತಿಟ್ಟರೂ ಐವತ್ತೆಂಟು ಸಾವಿರದ ನಾನೂರ ಐವತ್ನಾಲ್ಕು ಕೋಟಿ ವರ್ಷ ಬೇಕು. ವಿಶ್ವ ಹುಟ್ಟಿಯೇ 1,380 ಕೋಟಿ ವರ್ಷ."

"ಹಾಗಾದ್ರೆ ವಾಪಸ್ ಟಿಕೆಟ್ಟಿಗೆ ತೊಂದರೆ ಇಲ್ಲ" ಎಂದು ಅವರು ನೆಮ್ಮದಿಯಾಗಿ ಚಕ್ಕುಲಿ ಡಬ್ಬ ತೆಗೆದರು.

ಎದುರಿನ ಸೀಟಿನಲ್ಲಿ ಲ್ಯಾಪ್‌ಟಾಪ್ ಹುಡುಗಿಯೊಬ್ಬಳು ಕೂತಿದ್ದಳು. ಅವಳು ಕಿವಿಯಿಂದ ಇಯರ್‌ಫೋನ್ ತೆಗೆದದ್ದೇ ನನ್ನ ಅವನತಿಯ ಆರಂಭ. "ಅಂಕಲ್, ಇದು ನಮ್ಮ ಅರವತ್ನಾಲ್ಕು ಬಿಟ್ಟಿನ ಮ್ಯಾಕ್ಸಿಮಮ್. ಕಂಪ್ಯೂಟರಿನಲ್ಲಿ ಅರವತ್ನಾಲ್ಕು ಒಂದುಗಳನ್ನ ಸಾಲಾಗಿ ಬರೆದರೆ ಇದೇ ನಂಬರು. ಇದಕ್ಕೆ ಇನ್ನೊಂದು ಸೇರಿಸಿದರೆ ಜಾಗ ಸಾಲದೆ ಸೊನ್ನೆಗೆ ಬಂದುಬಿಡುತ್ತೆ."

ನಾನು ಈ ಸಂಖ್ಯೆಯ ಜೊತೆ ಸಂಸಾರ ಮಾಡಿದ್ದರೂ ಅದು ಇಷ್ಟು ಸುಲಭವಾಗಿ ಸೊನ್ನೆಯಾಗುತ್ತದೆಂದು ಯೋಚಿಸಿರಲಿಲ್ಲ. ಚಿಕ್ಕಮ್ಮನಿಗೆ ಆಶ್ಚರ್ಯವೇನೂ ಆಗಲಿಲ್ಲ. "ನಮ್ಮ ಬೀದಿ ಚೀಟಿ ದುಡ್ಡೂ ಹಾಗೇ ಆಯ್ತು. ಕೊನೇ ಕಂತು ಕಟ್ಟಿದ ದಿನ ಸೊನ್ನೆ" ಎಂದರು.

ಪ್ರತಿಷ್ಠೆ ಉಳಿಸಿಕೊಳ್ಳಬೇಕಿತ್ತು. ಸಂಖ್ಯೆಯನ್ನು ಅಪವರ್ತನಗಳಾಗಿ ಒಡೆದು ತೋರಿಸುತ್ತೇನೆ, ಬರೀ ಪೆನ್ನು ಕಾಗದದಲ್ಲಿ, ಎಂದು ಘೋಷಿಸಿದೆ. ದೈತ್ಯನಂತೆ ಕಾಣುವ ಈ ಸಂಖ್ಯೆ ಒಳಗೆ ಬಹಳ ಪೊಳ್ಳು. ಕೊನೆಯಲ್ಲಿ ಐದಿದೆ, ಆದ್ದರಿಂದ ಐದರಿಂದ ಹೋಗುತ್ತದೆ. ಅಂಕಿಗಳನ್ನು ಕೂಡಿದರೆ ಎಂಬತ್ತೇಳು, ಆದ್ದರಿಂದ ಮೂರರಿಂದಲೂ ಹೋಗುತ್ತದೆ, ಒಂಬತ್ತರಿಂದ ಹೋಗುವುದಿಲ್ಲ. ಆಮೇಲೆ ಹದಿನೇಳು. 72340172838076673 ಉಳಿಯಿತು. ಆಮೇಲೆ 257, ಆಮೇಲೆ 65537. ಇವು ನನಗೆ ಮೊದಲೇ ಬಾಯಿಪಾಠ ಎಂಬುದನ್ನು ಯಾರಿಗೂ ಹೇಳಲಿಲ್ಲ. ಕೊನೆಗೆ ಕೈಯಲ್ಲಿ ಉಳಿದದ್ದು 4294967297. ಇಲ್ಲಿ ನನ್ನ ಬಾಯಿಪಾಠವೂ ಮುಗಿದಿತ್ತು.

ಏಳು, ಹನ್ನೊಂದು, ಹದಿಮೂರು ಎಂದು ಒಂದೊಂದೇ ಅವಿಭಾಜ್ಯ ಸಂಖ್ಯೆಯಿಂದ ಭಾಗಿಸುತ್ತಾ ಹೋದೆ. ಬಲ್ಲಾರ್ಷಾ ಹೋಯಿತು, ನಾಗಪುರ ಹೋಯಿತು, ಕಿತ್ತಳೆ ಮಾರುವವರು ಹೋದರು, ಭಾಗ ಹೋಗಲಿಲ್ಲ. ಸಹಪ್ರಯಾಣಿಕರು ಮೊದಮೊದಲು ಹುರಿದುಂಬಿಸಿದರು, ನಂತರ ಕನಿಕರದಿಂದ ನೋಡಿದರು, ಆಮೇಲೆ ಲೈಟ್ ಆರಿಸಿ ಎಂದರು. ಆರುನೂರು ದಾಟುವಷ್ಟರಲ್ಲಿ ಇಟಾರ್ಸಿ ಬಂತು. ನಾನು ಪೆನ್ನಿಗೆ ಕ್ಯಾಪು ಹಾಕಿ, "ಇದು ಅವಿಭಾಜ್ಯ. ಮಹಾಮಹಿಮ ಗಣಿತಜ್ಞ ಫರ್ಮಾ ಕೂಡ ಹಾಗೇ ಹೇಳಿದ್ದಾನೆ" ಎಂದು ತೀರ್ಪು ಕೊಟ್ಟೆ.

ಹುಡುಗಿ ಫೋನ್ ನೋಡಿದಳು. "ಆರುನೂರ ನಲವತ್ತೊಂದರಿಂದ ಹೋಗುತ್ತೆ ಅಂಕಲ್."

ಹೋಗುತ್ತದೆ. 641 ಗುಣಿಸು 6700417. ಫರ್ಮಾ ಮೂರು, ಐದು, ಹದಿನೇಳರಿಂದ ಹೊರಟ ಈ ಸಾಲಿನ ಸಂಖ್ಯೆಗಳೆಲ್ಲ ಅವಿಭಾಜ್ಯವೆಂದು ಹದಿನೇಳನೆಯ ಶತಮಾನದಲ್ಲಿ ನಂಬಿದ್ದು ನಿಜ. ಆಯ್ಲರ್ ಎಂಬ ಇನ್ನೊಬ್ಬ ಗಣಿತಜ್ಞ 1732ರಲ್ಲಿ ಅದನ್ನು ಮುರಿದದ್ದೂ ನಿಜ. ಹೊಟ್ಟೆ ಉರಿಸಿದ ವಿಷಯ ಬೇರೆಯೇ. ಈ ಸಂಖ್ಯೆಯನ್ನು ಭಾಗಿಸಬಲ್ಲ ಅವಿಭಾಜ್ಯ ಯಾವುದೇ ಆದರೂ ಅದು ಅರವತ್ನಾಲ್ಕರ ಮಗ್ಗಿಗೆ ಒಂದು ಕೂಡಿಸಿದ್ದೇ ಆಗಿರಬೇಕು ಎಂದು ಆಯ್ಲರ್ ಕಂಡುಕೊಂಡಿದ್ದ. ಆ ಜಾತಿಯ ಅವಿಭಾಜ್ಯಗಳು 193, 257, 449, 577, ಐದನೆಯದೇ 641. ಅಂದರೆ ಆ ಮಹಾನುಭಾವನ ದಾರಿ ಹಿಡಿದಿದ್ದರೆ ಐದು ಭಾಗಾಕಾರ ಸಾಕಿತ್ತು. ನಾನು ನೂರಕ್ಕೂ ಮೇಲೆ ಭಾಗಾಕಾರ ಮಾಡಿ, ಮನೆ ಬಾಗಿಲ ಮುಂದೆ ನಿಂತು, ಇಂಥ ಮನೆಯೇ ಈ ಬೀದಿಯಲ್ಲಿಲ್ಲ ಎಂದು ಹೇಳಿ ಬಂದಿದ್ದೆ. ಆಯ್ಲರ್ ಮುಂದಿನ ವರ್ಷಗಳಲ್ಲಿ ಎರಡೂ ಕಣ್ಣು ಕಳೆದುಕೊಂಡ ಮೇಲೂ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದನಂತೆ. ನನಗೆ ಎರಡು ಕಣ್ಣು, ಅದರ ಮೇಲೆ ಬೈಫೋಕಲ್.

ಮಾರನೆಯ ಬೆಳಿಗ್ಗೆ ಮಾನ ಮರಳಿ ಪಡೆಯಲು ಆಟಿಕೆ ಹೊರತೆಗೆದೆ. ಎಂಟು ಬಳೆಗೆ ಇನ್ನೂರ ಐವತ್ತೈದು ನಡೆ. ಕಾರಣ ಸರಳ: ಅಡಿಯ ಬಳೆ ಒಂದೇ ಸಲ ಕದಲುತ್ತದೆ, ಅದರ ಮೇಲಿನದು ಎರಡು ಸಲ, ಅದರ ಮೇಲಿನದು ನಾಲ್ಕು ಸಲ. ಚದುರಂಗದ ಮನೆಗಳ ಲೆಕ್ಕವೇ ಇಲ್ಲಿ ತಲೆಕೆಳಗಾಗಿ ನಿಂತಿದೆ. ನಾನು ಗಂಭೀರವಾಗಿ ಶುರುಮಾಡಿದೆ. ನಡುವೆ ಚಹಾದವನು ಬಂದ, ಗಾಡಿ ಜಗ್ಗಿತು, ಯಾವ ಬಳೆಯನ್ನು ಎತ್ತಲು ಹೊರಟಿದ್ದೆ ಎನ್ನುವುದು ಮರೆತುಹೋಯಿತು. ಮತ್ತೆ ಮೊದಲಿನಿಂದ. ಆಮೇಲೆ ಟಿಕೆಟ್ ತಪಾಸಣೆಯವರು ಬಂದರು, ಮತ್ತೆ ಮೊದಲಿನಿಂದ. ಕೊನೆಗೆ ಆರು ಬಳೆ ತಪ್ಪು ಕಡ್ಡಿಗೆ ಸೇರಿ, ದೊಡ್ಡದೆರಡು ನನ್ನನ್ನೇ ನೋಡುತ್ತಾ ಕೂತವು.

"ಇಲ್ಲಿ ಕೊಡಿ" ಎಂದರು ಚಿಕ್ಕಮ್ಮ. ಬಾಲ್ಯದಿಂದ ಅಳಗುಳಿಮಣೆಯಲ್ಲಿ ಪಳಗಿದ ಕೈ. ಅರೆಗಳಿಗೆ ಸುಮ್ಮನೆ ನೋಡಿ ಶುರುಮಾಡಿದರು. ಒಂದು ಸಲ ಚಿಕ್ಕ ಬಳೆ, ಒಂದು ಸಲ ಮಿಕ್ಕದ್ದು. ಚಿಕ್ಕದು ಯಾವಾಗಲೂ ಒಂದೇ ದಿಕ್ಕಿಗೆ ಸುತ್ತು ಬರುತ್ತದೆ. ಮಿಕ್ಕವುಗಳಲ್ಲಿ ನಿಯಮ ಮುರಿಯದೆ ಇಡಬಹುದಾದದ್ದು ಪ್ರತಿಸಲವೂ ಒಂದೇ ಒಂದು, ಆದ್ದರಿಂದ ಯೋಚಿಸುವ ಪ್ರಮೇಯವೇ ಇಲ್ಲ. ಗಣಿತದ ಪುಸ್ತಕಗಳಲ್ಲಿ ಇರುವ ಉಪಾಯ ಇದೇ, ಅದನ್ನು ನಾನೂ ಓದಿದ್ದೆ. ಚಿಕ್ಕಮ್ಮ ಓದಿರಲಿಲ್ಲ, ಅದೇ ಅವರಿಗೆ ಅನುಕೂಲವಾಯಿತು. ಮಾತಾಡುತ್ತಾ, ಹುಡುಗಿಯ ಜಾತಕ ವಿಚಾರಿಸುತ್ತಾ, ಎಂಟೂ ಬಳೆ ದಾಟಿಸಿಟ್ಟರು.

"ಅಡೀಲಿರೋ ದೊಡ್ಡದು ಇಡೀ ಆಟದಲ್ಲಿ ಒಂದೇ ಸಲ ಏಳುತ್ತೆ. ಚಿಕ್ಕದು ಪಾಪ ಓಡಾಡ್ತಾನೇ ಇರುತ್ತೆ. ಥೇಟ್ ನಮ್ಮನೆ ಗಂಡಸರು ಹೆಂಗಸರ ಹಾಗೆ" ಎಂದರು. ಬೋಗಿಯ ಹೆಂಗಸರೆಲ್ಲ ನಕ್ಕರು. ನನ್ನಾಕೆ ಸ್ವಲ್ಪ ಹೆಚ್ಚೇ ನಕ್ಕಳು.

ಕಾಶಿಯಲ್ಲಿ ಇಳಿದ ಮೇಲೆ ನನ್ನ ಶೋಧ ಆರಂಭವಾಯಿತು. ನನ್ನ ಹಿಂದಿ ಹಳೆಯ ರಾಷ್ಟ್ರಭಾಷಾ ಪರೀಕ್ಷೆಯದು, ಪಾಸಾದದ್ದಕ್ಕೆ ಸರ್ಟಿಫಿಕೇಟ್ ಬಿಟ್ಟರೆ ಬೇರೆ ಪುರಾವೆಯಿಲ್ಲ. ಬಿಲ್ಲೆಗೆ ಹಿಂದಿ ಮಾತು ಹೊಳೆಯಲಿಲ್ಲವಾಗಿ ವಿಶ್ವನಾಥನ ಗಲ್ಲಿಯ ಬಾಯಲ್ಲಿ ಒಬ್ಬ ಅಂಗಡಿಯವನನ್ನು, "ಭೈಯಾ, ಚೌಸಠ್ ಸೋನೇ ಕಾ ಥಾಲಿ ಕಹಾಂ ಹೈ?" ಎಂದು ಕೇಳಿದೆ. ಅವನು ನನ್ನನ್ನು ತಲೆಯಿಂದ ಕಾಲವರೆಗೆ ನೋಡಿ, ಚಿನ್ನದ್ದು ಗೊತ್ತಿಲ್ಲ, ಹಿತ್ತಾಳೆಯದಾದರೆ ಠಠೇರಿ ಬಜಾರಿಗೆ ಹೋಗಿ ಎಂದ. ಹೋದೆವು. ಅಲ್ಲಿ ನನ್ನಾಕೆ ಒಂದು ಗಂಗಾಜಲದ ಚೆಂಬು, ಒಂದು ದೀಪ, ಎರಡು ತಟ್ಟೆ ಕೊಂಡಳು. ಶೋಧದಿಂದ ಆದ ಮೊದಲ ವೆಚ್ಚ. ಮುಂದಿನವನಿಗೆ ಇನ್ನೂ ವಿವರವಾಗಿ, ಮಂದಿರದೊಳಗೆ, ಗೋಪುರದ ಕೆಳಗೆ, ಚಿನ್ನ, ಅರವತ್ನಾಲ್ಕು, ಯಾರು ಕಾಯುತ್ತಾರೆ, ರಾತ್ರಿಯೂ ಇರುತ್ತಾರಾ ಎಂದೆಲ್ಲ ಕೇಳಿದೆ. ಪಕ್ಕದಲ್ಲಿದ್ದ ಕಾವಲಿನವನು ಹತ್ತಿರ ಬಂದು, ಎಲ್ಲಿಂದ ಬಂದಿದ್ದೀರಿ, ಎಷ್ಟು ಜನ, ಎಲ್ಲಿ ಇಳಿದುಕೊಂಡಿದ್ದೀರಿ ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿದ. ಭಾವಮೈದ ಕೈ ಮುಗಿದು, "ಇವರಿಗೆ ಲೆಕ್ಕದ ತೊಂದರೆ ಇದೆ" ಎಂದು ತಲೆಯ ಕಡೆ ಬೆರಳು ತೋರಿಸಿದ ಮೇಲೆ ಬಿಟ್ಟ.

ಒಬ್ಬ ಇ-ರಿಕ್ಷಾದವನಿಗೆ ಮಾತ್ರ ತಟಕ್ಕನೆ ಅರ್ಥವಾಯಿತು. "ಚೌಸಠ್? ಚೌಸಟ್ಟಿ ಘಾಟ್! ಬೈಠಿಯೇ ಬಾಬೂಜಿ." ನನ್ನ ಎದೆ ಹೊಡೆದುಕೊಂಡಿತು. ಅರವತ್ನಾಲ್ಕರ ಹೆಸರಿನದೇ ಒಂದು ಘಾಟ್! ಅವನು ಗೋದೌಲಿಯಾದಲ್ಲಿ ಇಳಿಸಿದ, ಅಲ್ಲಿಂದ ನಡಿಗೆ. ದಶಾಶ್ವಮೇಧದಿಂದ ದಕ್ಷಿಣಕ್ಕೆ ನದಿಯಂಚಿನಲ್ಲೇ ಹೋಗಿ, ಕಡಿದಾದ ಮೆಟ್ಟಿಲು ಹತ್ತಿ, ಓಣಿಯೊಳಗೆ ತಿರುಗಿದರೆ ಗುಡಿ. ಮಂಡಿನೋವಿನ ಚಿಕ್ಕಮ್ಮ, ಚೆಂಬು ಹೊತ್ತ ನನ್ನಾಕೆ, ಎಲ್ಲರೂ ನನ್ನ ಹಿಂದೆ. ಒಳಗೆ ಹೋಗಿ ನೋಡಿದರೆ ದೇವಿ. ಸೂಜಿಯಿಲ್ಲ, ಬಿಲ್ಲೆಯಿಲ್ಲ. ಅದು ಚೌಸಟ್ಟಿ ದೇವಿ, ಅರವತ್ನಾಲ್ಕು ಯೋಗಿನಿಯರ ಸ್ಥಾನ.

ಅವರ ಕಥೆಯನ್ನು ಸ್ಕಾಂದಪುರಾಣದ ಕಾಶೀಖಂಡ ಹೇಳುತ್ತದೆ. ದಿವೋದಾಸ ಎಂಬ ರಾಜ ಕಾಶಿಯನ್ನು ಎಷ್ಟು ಚೆನ್ನಾಗಿ ಆಳುತ್ತಿದ್ದನೆಂದರೆ ಶಿವನಿಗೇ ಊರೊಳಗೆ ಜಾಗವಿರಲಿಲ್ಲ. ರಾಜನ ಆಳ್ವಿಕೆಯಲ್ಲಿ ಹುಳುಕು ಹುಡುಕಿ ಅವನನ್ನು ಎಬ್ಬಿಸಿ ಬನ್ನಿ ಎಂದು ಶಿವ ಅರವತ್ನಾಲ್ಕು ಯೋಗಿನಿಯರನ್ನು ಕಳಿಸಿದ. ಹುಳುಕು ಸಿಗಲಿಲ್ಲ. ಊರು ಹಿಡಿಸಿತು. ಅವರು ಅಲ್ಲೇ ಉಳಿದುಬಿಟ್ಟರು. ಇನ್ಸ್‌ಪೆಕ್ಷನ್ನಿಗೆ ಬಂದು ಬ್ರಾಂಚಿನಲ್ಲೇ ಠಿಕಾಣಿ ಹೂಡಿದವರನ್ನು ನಾನೂ ಕಂಡಿದ್ದೇನೆ, ಆದರೆ ಒಂದೇ ಏಟಿಗೆ ಅರವತ್ನಾಲ್ಕು ಮಂದಿಯನ್ನಲ್ಲ. ಕಾಶಿಗೆ ಬಂದ ಕೆಲಸ ಆಗದಿದ್ದರೆ ಬೇಜಾರು ಪಡಬಾರದು ಎಂದು ದೇವಿಯೇ ಹೇಳಿದಂತಿತ್ತು.

ಮೆಟ್ಟಿಲ ಮೇಲೆ ಏದುಸಿರು ಬಿಡುತ್ತಾ ಕೂತಾಗ ಭಾವಮೈದ ಫೋನ್ ಮುಂದೆ ಹಿಡಿದ. "ಭಾವ, ನಿಮ್ಮ ಈ ಕಥೆ ಕಟ್ಟಿದ್ದು ಎಡ್ವಾರ್ ಲ್ಯೂಕಾ ಅಂತ ಒಬ್ಬ ಫ್ರೆಂಚ್ ಮೇಷ್ಟ್ರು. 1883ರಲ್ಲಿ ಪ್ಯಾರಿಸ್ಸಿನಲ್ಲಿ ಒಂದು ಆಟಿಕೆ ಮಾಡಿ ಮಾರಿದ. ಎಂಟು ಬಿಲ್ಲೆ, ಮೂರು ಕಡ್ಡಿ, ಹೆಸರು ಹನೋಯ್ ಗೋಪುರ. ಸಯಾಮಿನ ಪ್ರೊಫೆಸರ್ ಎನ್. ಕ್ಲಾಸ್, ಲಿ-ಸೌ-ಸ್ಟಿಯಾನ್ ಕಾಲೇಜು ಅಂತ ಡಬ್ಬದ ಮೇಲೆ ಹಾಕಿದಾನೆ. ಅಕ್ಷರ ಅದಲು ಬದಲು ಮಾಡಿದರೆ ಅಮಿಯೆನ್ಸ್ ಊರಿನ ಲ್ಯೂಕಾ, ಸೇಂಟ್ ಲೂಯಿ ಶಾಲೆ. ಅವನು ಪಾಠ ಮಾಡ್ತಿದ್ದ ಶಾಲೆ ಅದೇ. ಮಾರನೇ ವರ್ಷ ಪಾರ್ವಿಲ್ ಅನ್ನೋ ಲೇಖಕ ವಜ್ರದ ಸೂಜಿ, ಚಿನ್ನದ ಬಿಲ್ಲೆ ಎಲ್ಲ ಸೇರಿಸಿ ಪತ್ರಿಕೇಲಿ ಬರೆದ."

"ಇದನ್ನ ಯಾವಾಗ ಓದಿದೆ?"

"ಜಬಲ್ಪುರದಲ್ಲಿ. ನೀವು ಅಷ್ಟು ಖುಷಿಯಾಗಿದ್ರಿ, ಯಾಕೆ ಹಾಳು ಮಾಡೋದು ಅಂತ."

ಲ್ಯೂಕಾನ ಮೇಲೆ ಸಿಟ್ಟಾಗಲು ನೋಡಿದೆ, ಆಗಲಿಲ್ಲ. 1876ರಲ್ಲೇ 39 ಅಂಕಿಗಳ ಒಂದು ಸಂಖ್ಯೆ ಅವಿಭಾಜ್ಯವೆಂದು ಕೈಲೆಕ್ಕದಲ್ಲಿ ಸಾಧಿಸಿದ ಮನುಷ್ಯ ಅವನು. ಎರಡನ್ನು ನೂರ ಇಪ್ಪತ್ತೇಳರ ಘಾತಕ್ಕೆ ಏರಿಸಿ ಒಂದು ಕಳೆದರೆ ಬರುವ ಆ ಸಂಖ್ಯೆ 1951ರವರೆಗೆ ಗೊತ್ತಿದ್ದ ಅವಿಭಾಜ್ಯಗಳಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಉಳಿದಿತ್ತು. ಅಂಥವನಿಗೆ ನನ್ನ ಇಪ್ಪತ್ತಂಕಿ ಮಕ್ಕಳಾಟಿಕೆಯೇ ಸರಿ. ಇನ್ನೊಂದು ತಮಾಷೆಯಿದೆ. ಗೋಪುರದಿಂದ ಮೂರು ಬಿಲ್ಲೆ ತೆಗೆದು ಅರವತ್ತೊಂದು ಉಳಿಸಿದರೆ ನಡೆಗಳ ಸಂಖ್ಯೆ 2305843009213693951, ಇದು ಅಪ್ಪಟ ಅವಿಭಾಜ್ಯ, ಯಾವ ಇಟಾರ್ಸಿಯಲ್ಲೂ ಒಡೆಯುವುದಿಲ್ಲ. ಇದನ್ನು ತೋರಿಸಿದವನು ಉರಲ್ ಸೀಮೆಯ ಹಳ್ಳಿಯೊಂದರ ಪಾದ್ರಿ ಪೆರ್ವುಶಿನ್, ಅದೂ ಲ್ಯೂಕಾನ ಆಟಿಕೆ ಬಂದ ಅದೇ 1883ರಲ್ಲಿ. ಹಗಲಿರುಳು ಲೆಕ್ಕ ಮಾಡುವ ಅರ್ಚಕ ನಿಜಕ್ಕೂ ಇದ್ದ, ನಾನು ಹತ್ತಿದ ರೈಲು ತಪ್ಪಾಗಿತ್ತು.

ಮಾರನೆಯ ದಿನ ಗಂಗೆಯ ದಡದಲ್ಲಿ ಕರ್ಮ. ಪುರೋಹಿತರು ಕನ್ನಡದವರು, ತಲೆಮಾರುಗಳಿಂದ ಕಾಶಿಯಲ್ಲೇ ಇರುವವರು. ಅವರು ಸಂಕಲ್ಪ ಹೇಳಿಸುತ್ತಾ ಶ್ವೇತವರಾಹಕಲ್ಪಕ್ಕೆ ಬಂದರು. ನನ್ನ ತಲೆಯೊಳಗಿನ ಕ್ಯಾಷಿಯರ್ ಎದ್ದು ಕೂತ. ಕಲ್ಪವೆಂದರೆ ಬ್ರಹ್ಮನ ಒಂದು ಹಗಲು, 432 ಕೋಟಿ ವರ್ಷ. ಭಾಗಿಸಿ ನೋಡಿ, ದರ್ಭೆ ಹಿಡಿದ ಕೈಯಲ್ಲೇ ಅವರನ್ನು ತಡೆದೆ. "ಸ್ವಾಮಿ, ಒಂದು ಲೆಕ್ಕವಿದೆ" ಎಂದು ಸೂಜಿ, ಬಿಲ್ಲೆ, 58,454 ಕೋಟಿ ವರ್ಷ ಎಲ್ಲ ಹೇಳಿದೆ. ಗಾಬರಿಯಾಗುತ್ತಾರೆ ಎಂದುಕೊಂಡಿದ್ದೆ.

ಅವರು ಕಣ್ಣು ಅರೆಮುಚ್ಚಿ ಎರಡು ಬೆರಳು ಮಡಿಸಿದರು. "ಹಗಲು ರಾತ್ರಿ ಸೇರಿದರೆ ಬ್ರಹ್ಮನ ದಿನಕ್ಕೆ 864 ಕೋಟಿ. ಅಂದರೆ ಅರವತ್ತೇಳು, ಅರವತ್ತೆಂಟು ದಿನ. ಅಷ್ಟೇನಾ? ಎರಡು ತಿಂಗಳ ಕೆಲಸ."

"ಎರಡು ತಿಂಗಳೇ?"

"ಅಲ್ಲ, ತಡೀರಿ. ರಾತ್ರಿ ಪ್ರಳಯ ಇರುತ್ತೆ, ಎತ್ತಿಡೋಕೆ ಆಳು ಸಿಗಲ್ಲ. ಹಗಲು ಮಾತ್ರ ಅಂದರೆ ನೂರ ಮೂವತ್ತೈದು ದಿನ. ನಾಲ್ಕೂವರೆ ತಿಂಗಳು ಹಿಡೀತದೆ. ಆ ಫ್ರೆಂಚರವನು ರಜೆ ಹಿಡಿದಿಲ್ಲ ಲೆಕ್ಕದಲ್ಲಿ."

ದಿನಕ್ಕೆ ಹತ್ತು ಸಲ ಕಲ್ಪ, ಮನ್ವಂತರ, ಪರಾರ್ಧಗಳನ್ನು ಉಚ್ಚರಿಸುವ ಮನುಷ್ಯನ ಮುಂದೆ ನಾನು ಇಪ್ಪತ್ತಂಕಿ ಬಿಚ್ಚಿದ್ದೆ. ಅವರು ಮುಂದುವರಿಸಿದರು. "ಇರಲಿ, ತಾಯಿ ಕಡೆ ಮುತ್ತಜ್ಜನ ಹೆಸರು ಹೇಳಿ."

ಹೊಳೆಯಲಿಲ್ಲ. ಎಂಟು, ನಾಲ್ಕು, ನಾಲ್ಕು, ಆರು ಎಂದು ಬಾಯಿಗೆ ಬರುತ್ತಿತ್ತೇ ಹೊರತು ಮುತ್ತಜ್ಜ ಬರಲಿಲ್ಲ. ಪುರೋಹಿತರು ಕಾದರು, ಗಂಗೆಯೂ ಕಾದಂತಿತ್ತು. ಕೊನೆಗೆ ನನ್ನ ಮದುವೆಯಲ್ಲಿ ಲಗ್ನಪತ್ರಿಕೆ ಓದಿದ್ದ ನೆನಪಿನಿಂದ ಚಿಕ್ಕಮ್ಮನೇ ಹೆಸರು ಒದಗಿಸಿದರು, ಗೋತ್ರಸಮೇತ.

ಊರಿಗೆ ಬಂದ ಮೇಲೆ ಚಿಕ್ಕಮ್ಮ ಸ್ವಲ್ಪ ದಿನ ನಮ್ಮಲ್ಲೇ ಉಳಿದಿದ್ದಾರೆ. ಎಂಟು ಬಳೆ ಅವರಿಗೆ ಸಾಲದಾಗಿದೆ. ಅಡುಗೆಮನೆಯ ಸ್ಟೀಲ್ ಡಬ್ಬಗಳ ಮುಚ್ಚಳಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಆಡುತ್ತಾರೆ, ಕಡ್ಡಿಯ ಹಂಗೂ ಇಲ್ಲ, ಮೂರು ಮಣೆ ಸಾಕು. ಹನ್ನೊಂದು ಮುಚ್ಚಳ, 2047 ನಡೆ. ಆಟ ಅರ್ಧಕ್ಕೆ ನಿಂತಾಗ ಯಾರೂ ಮುಟ್ಟುವಂತಿಲ್ಲ. ಬೆಲ್ಲಕ್ಕೆ ಇರುವೆ ಮುತ್ತಿದೆ, ಅವಲಕ್ಕಿ ಮೆತ್ತಗಾಗಿದೆ. 2047 ನೋಡಲು ಅವಿಭಾಜ್ಯದಂತಿದ್ದರೂ ಇಪ್ಪತ್ಮೂರು ಎಂಬತ್ತೊಂಬತ್ತಲ ಎಂದು ನಾನು ಸಮಾಧಾನ ಹೇಳಹೋದೆ, ನನ್ನಾಕೆ ಸೌಟು ಕೆಳಗಿಟ್ಟು ನೋಡಿದಳು. ಒಂದು ಮುಚ್ಚಳ ಹೆಚ್ಚಾದರೆ ನಡೆ ದುಪ್ಪಟ್ಟಾಗಿ ಮೇಲೊಂದು ಸೇರುತ್ತದೆ ಎಂಬುದು ಈಗ ಅವಳಿಗೂ ಬಾಯಿಪಾಠ. ಪಾತ್ರೆ ಅಂಗಡಿಯಲ್ಲಿ ಹಬ್ಬದ ರಿಯಾಯಿತಿ ಶುರುವಾಗಿದೆ, ಅಲ್ಲಿಗೆ ಕರೆದುಕೊಂಡು ಹೋಗಿ ಎಂದು ಚಿಕ್ಕಮ್ಮ ನನಗೆ ಹೇಳುತ್ತಿದ್ದಾರೆ. ಹನ್ನೆರಡನೆಯ ಡಬ್ಬ ಒಳಗೆ ಬಂದ ದಿನ ನೀವು ಹೊರಗೆ ಎಂದು ಅವಳು ಬಾಗಿಲಲ್ಲೇ ನಿಂತಿದ್ದಾಳೆ.